ಕಾಶೀಂಸಾಬ ಬಾಯಿಲೆ ಹಾಕಿದ ಗೇರು

ಗುಲ್ಷನಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಗಜೇಂದ್ರಗಡದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬರಲಿದ್ದ ಹೊಸ ವ್ಯಾನಿನ ಡ್ರೈವರ್ ಎಂದು ಅವಳ ಹೆಸರು ಬರೆದಾಗಿತ್ತು. ಅದರ ಮೇಲೆ ಕೆಂಪು ಗೆರೆ ಎಳೆದು ಕೆಳಗೆ ಹೇಮಂತ ಎಂದು ಬರೆದರು. ಹೇಮಂತ ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿ ಶ್ರೀಧರರಾಯರ ಅಕ್ಕನ ಮಗ. ಗುಲ್ಷನಳಿಗೆ ಬಂದ ಪತ್ರದಲ್ಲಿ ಒಂದೇ ಕಾರಣವಿತ್ತು: ಅಭ್ಯರ್ಥಿಯು ಗೇರ್ ಇಲ್ಲದ ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತವರಾದ್ದರಿಂದ ಪರಿಗಣಿಸಲಾಗಿಲ್ಲ.

ಆ ಕಾರು ಅವಳ ಅಪ್ಪ ಕಾಶೀಂಸಾಬನದು. ಅದಕ್ಕೆ ಗೇರ್ ಇಲ್ಲವೆಂಬ ಸಂಗತಿ ಇಡೀ ಗಜೇಂದ್ರಗಡದಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು: ಕಾಶೀಂಸಾಬನಿಗೆ, ಅವನ ಹೆಂಡತಿ ಜಮಾಲಬಿಗೆ, ಮಗಳು ಗುಲ್ಷನಳಿಗೆ. ಮಗಳು ಅರ್ಜಿಯಲ್ಲಿ ಖರೇ ಬರೆದಳು. ಅಪ್ಪ ಊರಿಗೆಲ್ಲ ಸುಳ್ಳು ಹೇಳಿದ್ದ. ಖರೇ ಬರೆದವಳ ನೌಕರಿ ಹೋಯಿತು, ಸುಳ್ಳು ಹೇಳಿದವನ ಮರ್ಯಾದೆ ಉಳಿಯಿತು. ನಮ್ಮಲ್ಲಿ ಇದಕ್ಕೆ ಯಾರೂ ಅಚ್ಚರಿಪಡುವುದಿಲ್ಲ.

ಕಾಶೀಂಸಾಬ ಮೂವತ್ತೊಂದು ವರ್ಷ ಟೆಂಪೊ ಹೊಡೆದವನು. ರೋಣದ ಉಳ್ಳಾಗಡ್ಡಿ, ಜಕ್ಕಲಿಯ ಮೆಣಸಿನಕಾಯಿ ಎಲ್ಲವೂ ಅವನ ಎಡಗಾಲ ಕೆಳಗಿನ ಕ್ಲಚ್ಚನ್ನು ದಾಟಿಯೇ ಪೇಟೆ ಕಂಡಿದ್ದವು. ದೂರದಲ್ಲಿ ಬರುವ ಗಾಡಿಯ ಸದ್ದು ಕೇಳಿ ಅದು ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದ. ಹಾಗಾಗಿ ಊರು ಅವನನ್ನು 'ಗೇರ್ ಕಾಶೀಂಸಾಬ' ಎಂದು ಕರೆಯುತ್ತಿತ್ತು. ಎರಡು ವರ್ಷದ ಹಿಂದೆ ಎಡ ಮೊಣಕಾಲು ಕೈಕೊಟ್ಟಿತು. ಗದಗಿನ ದವಾಖಾನಿಯ ಡಾಕ್ಟರು, "ಇನ್ನೊಂದು ವರ್ಷ ಕ್ಲಚ್ ತುಳದ್ರ, ಆಮ್ಯಾಲೆ ಕೋಲು ಹಿಡ್ಕೊಂಡ ಅಡ್ಡಾಡಬೇಕಾಕ್ಕೈತಿ" ಎಂದರು. ಕಾಶೀಂಸಾಬ ಟೆಂಪೊ ಮಾರಿದ, ಹಳೆಯದೊಂದು ಆಟೋಮ್ಯಾಟಿಕ್ ಕಾರು ತಂದ.

ಆದರೆ ಬಿರುದು ಬಿಡುವುದು ಟೆಂಪೊ ಬಿಟ್ಟಷ್ಟು ಸುಲಭವಲ್ಲ. ಗೇರ್ ಹಿಡಿಕೆ ಇರುವ ಜಾಗದಲ್ಲೇ ಈ ಕಾರಿಗೂ ಒಂದು ಹಿಡಿಕೆಯಿತ್ತು; ಅದರ ಪಕ್ಕದ, ಆಟೋಮ್ಯಾಟಿಕ್ ಎಂದು ಗುಟ್ಟು ಬಿಡುವ ಇಂಗ್ಲಿಷ್ ಅಕ್ಷರಗಳು ಕಾಣದಂತೆ ಟವೆಲ್ ಹಾಸಿದ. ಮಂದಿ ಹತ್ತಿದರೆ ಹಿಡಿಕೆಯ ಮೇಲೆ ಅಂಗೈ ಮುಚ್ಚಿ, ಭುಜ ಅಲುಗಿಸಿ, ನೋಯುವ ಎಡಗಾಲನ್ನು ಗಾಳಿಯಲ್ಲಿ ಎತ್ತಿ ಇಳಿಸಿ, ತುಟಿ ಮುಚ್ಚಿಕೊಂಡು ಗಂಟಲಿನಿಂದ "ಗ್ರ್ರ್‌ರ್... ಖಟಕ್" ಎನ್ನುತ್ತಿದ್ದ. ಹಿಂದೆ ಕೂತವರು, "ಏನ ಗೇರ್ ಬೀಳತೈತ್ರಿ, ಬೆಣ್ಯಾಗ ಚಾಕು ಇಳದಂಗ" ಎನ್ನುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಅದು ಒಬ್ಬ ಬಡ ಡ್ರೈವರನ ಗಂಟಲಿನ ಪ್ರಶ್ನೆಯಾಗಿ ಉಳಿಯುತ್ತಿತ್ತು. ಆದರೆ ತಿಂಗಳ ಹಿಂದೆ ಶ್ರೀಧರರಾಯರು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಬಂದು, ತಾವೇ ಚಹಾ ಹೇಳಿ, ಕೇಳಿದ್ದರು: "ಕಾಶೀಂಸಾಬ್ರ, ಗೇರ್ ಇಲ್ಲದ ಗಾಡಿ ಮ್ಯಾಲೆ ಕಲತವರನ್ನ ಡ್ರೈವರ್ ಅನ್ನಬಹುದೇನ್ರಿ?"

"ಗೇರ್ ಇಲ್ಲದ್ದು ಗಾಡಿ ಹ್ಯಾಂಗಾದೀತ್ರಿ ರಾಯರ? ಅದು ತೊಟ್ಟಲಾ! ಕುಂತು ತೂಗಿಸ್ಕೊಂಡು ಹೋಗೂದಷ್ಟ."

ರಾಯರು ಚೀಲದಿಂದ ಹಾಳೆ ತೆಗೆದರು. ಅವನು ದಿನಾ ಎಲ್ಲರಿಗೂ ಹೇಳುತ್ತಿದ್ದ ಇದೇ ಮಾತು ಅದರಲ್ಲಿ ಆಗಲೇ ಟೈಪಾಗಿತ್ತು. ಕೆಳಗೆ ಕಾಶೀಂಸಾಬನ ಹೆಸರು, ಹೆಸರಿನ ಕೆಳಗೆ 'ತಜ್ಞರು'. ಐವತ್ತೇಳು ವರ್ಷದ ಬದುಕಿನಲ್ಲಿ ಅವನನ್ನು ಯಾರೂ ತಜ್ಞ ಎಂದು ಅಚ್ಚು ಹಾಕಿರಲಿಲ್ಲ. ಸಹಿ ಮಾಡಿದ. ಮಸಿ ತೆಳುವಾಯಿತು ಅನ್ನಿಸಿ ಇನ್ನೊಂದು ಮಾಡಿದ.

"ಒಂದು ಸಾಕಿತ್ತರೀ," ಎಂದರು ರಾಯರು.

"ಇರ್ಲಿ ಬಿಡ್ರಿ. ತಜ್ಞರದು."

ಆ ಹಾಳೆ ಯಾರ ಕೊರಳಿಗೆ ಎಂದು ಅವನು ಕೇಳಲಿಲ್ಲ. ಪತ್ರ ಬಂದ ದಿನ ತಿಳಿಯಿತು. ತಿಳಿದದ್ದನ್ನು ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಎರಡು ದಿನ ಊಟದ ಮುಂದೆ ಕೂತು ಎದ್ದ.

ಮೂರನೆಯ ದಿನ ಮುಶಿಗೇರಿಯಿಂದ ಗಾಳೆವ್ವ ಬಂದಳು. ಮುಶಿಗೇರಿ, ಪುರ್ತಗೇರಿಗಳ ಹದಿನೇಳು ಹುಡುಗಿಯರು ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದರು. "ಹೆಣ್ಣಮಗಳು ಗಾಡಿ ಹೊಡದ್ರ ಕಳಸ್ತೀವಿ" ಎಂದು ಮನೆಯವರಿಂದ ಮಾತು ತೆಗೆದುಕೊಳ್ಳಲು ಗುಲ್ಷನ ಎರಡೂ ಊರಿನ ಒಂದೊಂದು ಹೊಸ್ತಿಲನ್ನೂ ಹತ್ತಿ ಇಳಿದಿದ್ದಳು. ಗಾಳೆವ್ವನ ಮೊಮ್ಮಗಳೂ ಆ ಹದಿನೇಳರಲ್ಲಿ ಒಬ್ಬಳು.

"ಕಾಶೀಮಣ್ಣಾ, ನಿನ್ನ ಮಗಳು ಅಂದಿದ್ದಕ್ಕ ನನ್ನ ಮಗ ಹೂಂ ಅಂದಿದ್ದ," ಎಂದಳು ಗಾಳೆವ್ವ, ಚಪ್ಪಲಿ ಕಳಚುವ ಮೊದಲೇ. "ಈಗ ಯಾವನೋ ಹೇಮಂತ ಅಂತ. ನನ್ನ ಮಗ ಹುಡುಗಿ ಪಾಟೀಚೀಲ ಮತ್ತ ಗೂಟಕ್ಕ ತೂಗಹಾಕ್ಯಾನ. ಇದನ್ನ ಕೇಳೂ ಗಂಡಸು ಈ ಮನಿಯಾಗ ಅದಾನೋ ಇಲ್ಲೋ?"

"ಅದಾನ. ಎರಡ ದಿನದಿಂದ ಉಣ್ಣವಲ್ಲ," ಎಂದಳು ಜಮಾಲಬಿ.

ಕಾಶೀಂಸಾಬ ಎದ್ದು ನಿಂತ. "ನಡೀರಿ. ಇವತ್ತ ನರಗುಂದದ ಆಫೀಸಿನ್ಯಾಗ ಸಂಸ್ಥೆಯವರ ಮೀಟಿಂಗ್ ಐತಿ. ನಮ್ಮ ಗಾಡಿ ಗೇರಿನ ಗಾಡೀನ ಅಂತ ನಾನ ಹೇಳ್ತೇನಿ."

"ಅಬ್ಬಾ, ಸುಳ್ಳ ಹೇಳಿ ತಗೊಂಡ ನೌಕರಿ ನನಗ ಬ್ಯಾಡ," ಎಂದಳು ಗುಲ್ಷನ, ಅಪ್ಪನಿಗೆ.

"ಸುಳ್ಳಲ್ಲವಾ. ಊರ ಮಂದಿ ನಂಬಿದ್ದನ್ನ ಇನ್ನೊಮ್ಮೆ ಹೇಳೂದಷ್ಟ."

ಒಂದು ಸುಳ್ಳಿನಿಂದ ನೌಕರಿಯೂ ಬರುತ್ತದೆ, ಆ ಹಾಳೆಯ ಮಾತೂ ಮುಚ್ಚಿಹೋಗುತ್ತದೆ ಎಂಬುದು ತಜ್ಞರ ಲೆಕ್ಕ. ಗುಲ್ಷನ ಮುಂದೆ ಕೂತಳು, ಗಾಳೆವ್ವ ಹಿಂದೆ. ಹಗಲಲ್ಲೂ ದೀಪ ಹಚ್ಚಿಕೊಂಡು ಹೋಗುವುದು ದೊಡ್ಡ ಗಾಡಿಯ ಲಕ್ಷಣ ಎಂದು ಕಾಶೀಂಸಾಬ ಹೆಡ್‌ಲೈಟ್ ಹಚ್ಚಿದ. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಉಳಿದವು.

ರೋಣದಲ್ಲಿ ಕೈ ಮಾಡಿ ಆಫ್ತಾಬ ಹತ್ತಿದ. ಹಳೆಯ ಟೆಂಪೊ ಗೆಳೆಯ, ಅವನಿಗೂ ನರಗುಂದದಲ್ಲಿ ಕೆಲಸ. ಅಲ್ಲಿಯವರೆಗೆ ಸುಮ್ಮನೆ ಓಡುತ್ತಿದ್ದ ಕಾರಿಗೆ ಗೇರ್ ಹಾಕುವುದು ಅನಿವಾರ್ಯವಾಯಿತು. ಪ್ರತಿ ಉಬ್ಬಿಗೆ ಒಂದು "ಗ್ರ್ರ್‌ರ್", ಪ್ರತಿ ತಿರುವಿಗೆ ಒಂದು "ಖಟಕ್". ಗುಲ್ಷನ ಕಿಟಕಿಯಾಚೆ ನೋಡುತ್ತಿದ್ದಳು. ಅರ್ಧ ದಾರಿಗೆ ಗಂಟಲು ಒಣಗಿ ಕಾಶೀಂಸಾಬ ಕೆಮ್ಮಿದ.

ಆಫ್ತಾಬ ಕಿವಿ ನಿಮಿರಿಸಿದ. "ಭಾಯಿ, ಥರ್ಡಿಗೆ ಸ್ವಲ್ಪ ಕೆಮ್ಮತೈತಿ ನೋಡ್ರಿ. ಗೇರ್ ಬಾಕ್ಸ್ ಬಿಚ್ಚಿಸಿ ತೋರಸ್ರಿ."

"ಬೆಲ್ಲದ ನೀರು ಕುಡದ್ರ ಸರಿ ಹೋಕ್ಕೈತಿ," ಎಂದಳು ಗುಲ್ಷನ.

"ಗಾಡಿಗೇನವಾ?"

"ಹೌದ್ರಿ ಚಾಚಾ. ಭಾಳ ನಾಜೂಕಿನ ಗಾಡಿ."

ನರಗುಂದ ಮುಟ್ಟುವ ಹೊತ್ತಿಗೆ ಕಾಶೀಂಸಾಬನಿಗೆ ಐದನೇ ಗೇರ್ ಹಾಕುವಷ್ಟೂ ಉಗುಳು ಉಳಿದಿರಲಿಲ್ಲ. ಚಹಾದಂಗಡಿಯ ಮುಂದೆ ನಿಲ್ಲಿಸಿ, ಗೇರಿನವರ ಹಳೆಯ ಚಟದಂತೆ ಹಿಡಿಕೆಯನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು ಇಳಿದ. ದೀಪ ಉರಿಯುತ್ತಲೇ ಇತ್ತು.

ಒಂದು ಲೋಟ ಚಹಾದ ಕೆಲಸ ಅದು. ಆದರೆ ಪಕ್ಕದ ಬೆಂಚಿನ ಮಾಸ್ತರರೊಬ್ಬರು ಹೊಸ ಕಾರು ತಗೊಳ್ಳಬೇಕೆಂದಿದ್ದರು. "ಗೇರಿಂದು ತಗೊಳ್ಳಲ್ಯೋ, ಆಟೋಮ್ಯಾಟಿಕ್ ತಗೊಳ್ಳಲ್ಯೋ?" ಎಂದು ಯಾರನ್ನೋ ಕೇಳಿದರು. ಆಫ್ತಾಬ ಜಂಬದಿಂದ, "ನಮ್ಮ ಗೇರ್ ಕಾಶೀಂಸಾಬರು ಇಲ್ಲೇ ಕುಂತಾರ. ಇವರನ್ನ ಕೇಳ್ರಿ!" ಎಂದುಬಿಟ್ಟ. ಮುಂದಿನ ಒಂದೂವರೆ ತಾಸು ಕಾಶೀಂಸಾಬ ಗೇರಿನ ಮಹಿಮೆ ಹೇಳಿದ. ಗೇರ್ ಹಾಕುವವನೇ ಗಾಡಿಯ ಯಜಮಾನ, ಉಳಿದವರು ಪ್ಯಾಸೆಂಜರು ಎಂದ. ಏರಿನಲ್ಲಿ ಗೇರೇ ಗಂಡಸ್ತನ ಎಂದ. ಅಷ್ಟು ಹೊತ್ತೂ ಹೊರಗೆ ಅವನ ಮುದಿ ಬ್ಯಾಟರಿ ಸೂರ್ಯನಿಗೆ ಬೆಳಕು ತೋರಿಸುತ್ತ ನಿಂತಿತ್ತು.

ಬಂದು ಕೀಲಿ ತಿರುವಿದರೆ, 'ಟಿಕ್'. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ.

"ಬ್ಯಾಟರಿ ಕುಂತೈತಿ," ಎಂದ ಆಫ್ತಾಬ, ತೋಳು ಮಡಚುತ್ತ. "ಗೇರಿನ ಗಾಡಿಗೆ ಏನ ಚಿಂತಿ? ಬರ್ರೋ, ದಬ್ಬೋಣ! ಭಾಯಿ, ಸೆಕೆಂಡ್ ಹಾಕಿ ಕ್ಲಚ್ ಹಿಡೀರಿ. ಓಡಾಕ ಹತ್ತಿದ ಕೂಡ್ಲೆ ಬಿಡ್ರಿ!"

ನಮ್ಮ ಸೀಮೆಯಲ್ಲಿ ನಿಂತ ಗಾಡಿ ಕಂಡರೆ ಯಾರೂ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಹಿಂದೆ ಹೋಗಿ ಕೈ ಹಚ್ಚುತ್ತಾರೆ. ಇಷ್ಟು ದೊಡ್ಡ ಒಗ್ಗಟ್ಟು ಇನ್ನಾವ ಕೆಲಸಕ್ಕೂ ಕಂಡಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹತ್ತು ಮಂದಿ, ಮಾಸ್ತರರೂ ಸೇರಿ.

ಗುಲ್ಷನ ಕೆಳಗಿಳಿದು ಕಿಟಕಿಗೆ ಬಾಗಿದಳು. "ಅಬ್ಬಾ, ಇದು ದಬ್ಬಿದ್ರ ಚಾಲೂ ಆಗೂ ಗಾಡಿ ಅಲ್ಲ. ಹೇಳ್ರಿ ಅವರಿಗೆ."

"ಹೇಳ್ತೇನಿ. ಮುಂದಿನ ಸರ್ಕಲ್ಲಿಗೆ ಹೇಳ್ತೇನಿ."

"ಐಸಾ!" ಎಂದ ಆಫ್ತಾಬ. "ಹೈಸಾ!" ಎಂದರು ಹತ್ತು ಮಂದಿ. ಕಾರು ಉರುಳಿತು. "ಕ್ಲಚ್ ಬಿಡ್ರಿ!" ಕಾಶೀಂಸಾಬ ಇಲ್ಲದ ಕ್ಲಚ್ಚಿನಿಂದ ಕಾಲು ತೆಗೆದು, ಗಂಟಲಿನಿಂದ ಒಂದು "ಘುರ್ರ್" ಬಿಟ್ಟ. "ಹಿಡೀತು! ಹಿಡಿಯಾಕ ಹತ್ತೇತಿ! ಇನ್ನೊಂದು ನಾಲ್ಕ ಕೈ ಬರ್ರಿ!" ನಾಲ್ಕು ಕೈ ಬೇಡಿದರೆ ನಲವತ್ತು ಬಂದವು.

ಸರ್ಕಲ್ ಬಂತು, ಹೋಯಿತು. "ಅಬ್ಬಾ!" ಎಂದಳು ಗುಲ್ಷನ, ಕಿಟಕಿಯ ಜೊತೆ ನಡೆಯುತ್ತ.

"ಇಷ್ಟ ಮಂದಿ ಮುಂದ ಹ್ಯಾಂಗ ಹೇಳ್ಲಿ? ಸ್ವಲ್ಪ ಕಡಿಮಿ ಆಗ್ಲಿ."

ಕಡಿಮೆಯಾಗಲಿಲ್ಲ. ನರಗುಂದದ ಮಂದಿಗೆ ಒಂದು ರೂಢಿಯಿದೆ: ರಸ್ತೆಯ ನಡುವೆ ಐವತ್ತು ಜನ ಒಂದೇ ದನಿಯಲ್ಲಿ ಕೂಗುತ್ತ ಹೊರಟರೆ ಅದು ಮೋರ್ಚಾ, ಮೋರ್ಚಾ ಬಂದರೆ ಅಂಗಡಿಯಿಂದ ಇಳಿದು ನಾಲ್ಕು ಹೆಜ್ಜೆ ಹಾಕುವುದು. ಹಸಿರು ಶಾಲಿನ ಹಿರಿಯರೊಬ್ಬರು ಬಂದು, "ಯಾವುದರ ಸಲುವಾಗ್ರೀ?" ಎಂದು ಕೇಳಿದರು. ಬೆವರೊರೆಸುತ್ತ ಮಾಸ್ತರರು, "ಚಾಲೂ ಆಗವಲ್ದರಿ" ಎಂದರು. ಹಿರಿಯರು ತಲೆದೂಗಿದರು. ಅವರ ಕಾಲುವೆಯ ಕೆಲಸವೂ ಚಾಲೂ ಆಗಿರಲಿಲ್ಲ. "ಬೇಕೇ ಬೇಕು!" ಎಂದು ಮುಷ್ಟಿ ಎತ್ತಿದರು. "ನ್ಯಾಯ ಬೇಕು!" ಎಂದಿತು ರಸ್ತೆ.

ಪೊಲೀಸ್ ಹವಾಲ್ದಾರ ಅಡ್ಡ ಬಂದ. "ಪರ್ಮಿಶನ್ ಐತೇನು? ಲೀಡರ್ ಯಾರು?"

ಎಲ್ಲರ ಬೆರಳೂ ಕಾರಿನೊಳಗೆ ತೋರಿದವು. ಕಾಶೀಂಸಾಬ ಹೆದರಿ ಎರಡೂ ಕೈ ಜೋಡಿಸಿದ. ಅದನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಕೈ ಬಿಟ್ಟ ಸ್ಟಿಯರಿಂಗ್ ತಾನೇ ಎಡಕ್ಕೆ ಹೊರಳಿತು. ಎಡಕ್ಕೆ ತಾಲೂಕು ಕಚೇರಿ. "ಲೀಡರ್ ಕಚೇರಿಗೆ ತಿರುಗಿಸಿದ್ರು!" ಎಂಬ ಸುದ್ದಿ ಹಿಂದಿನ ಸಾಲಿಗೆ ಹೋಯಿತು. ಹವಾಲ್ದಾರ ದಾರಿ ಬಿಡಿಸಿದ. ಕಚೇರಿಯ ಮುಂದಿನ ಏರಿನಲ್ಲಿ, ಬೇರೆ ಉಪಾಯವಿಲ್ಲದೆ, ತಾನೂ ದಬ್ಬಿದ. ಒಳಗೆ ಗಾಳೆವ್ವ ಮಾತ್ರ ನಿಶ್ಚಿಂತಳಾಗಿ ಕೂತಿದ್ದಳು. "ಇಷ್ಟ ಮೆತ್ತಗ ಹೋಗೂ ಗಾಡಿ ನಾ ಕಂಡಿಲ್ಲ ಬಿಡು" ಎಂದಳು.

ತಹಸೀಲ್ದಾರ್ ಮಧುರಾ ಅವರು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಚಿಕ್ಕ ವಯಸ್ಸು, ಆದರೆ ನರಗುಂದದಲ್ಲಿ ಆರು ತಿಂಗಳು ಕಳೆದಿದ್ದರಿಂದ ಮೋರ್ಚಾ ಬಂದರೆ ಏನು ಮಾಡಬೇಕೆಂದು ಗೊತ್ತಿತ್ತು. ಕೈ ಚಾಚಿದರು. "ಮನವಿ ಕೊಡಿ."

ಎರಡು ನೂರು ಜನ ಕಾಶೀಂಸಾಬನನ್ನು ನೋಡಿದರು. ಅವನು ಕಿಸೆ ತಡಕಿದ. ಲೈಸೆನ್ಸು, ಅಡಿಕೆ ಚೂರು, ಮಗಳಿಗೆ ಬಂದ ಪತ್ರ. ಪತ್ರ ಕೊಟ್ಟ.

ಮಧುರಾ ಜೋರಾಗಿ ಓದಿದರು. ಯಾವುದಕ್ಕೆ ಕೂಗುತ್ತಿದ್ದೇವೆಂದು ತಿಳಿಯದೆ ಒಂದು ಮೈಲು ಕೂಗಿದ ಜನರಿಗೆ ಈಗ ತಿಳಿಯಿತು. ಗಾಳೆವ್ವ ಕಾರಿನಿಂದ ಇಳಿದು ಹದಿನೇಳು ಹುಡುಗಿಯರ ಮಾತು ಹೇಳಿದಳು. ಹಸಿರು ಶಾಲಿನ ಹಿರಿಯರು ಮತ್ತೆ "ಬೇಕೇ ಬೇಕು" ಎಂದರು. ಈ ಸಲ ಬಂದ ಉತ್ತರದಲ್ಲಿ ಹೆಂಗಸರ ದನಿಯೂ ಇತ್ತು.

"ಖಾಸಗಿ ಸಂಸ್ಥೆ, ನನ್ನ ಅಧಿಕಾರದಲ್ಲಿ ಬರುವುದಿಲ್ಲ," ಎಂದರು ಮಧುರಾ. "ಆದರೆ ಕರೆದು ಕೇಳುವುದಕ್ಕೆ ಅಧಿಕಾರ ಬೇಕಾಗಿಲ್ಲ."

ಸಂಸ್ಥೆಯ ಕಚೇರಿ ಎದುರಿಗೇ ಇತ್ತು. ಶ್ರೀಧರರಾಯರು ಫೈಲು ಹಿಡಿದು ಬಂದರು. ಅವರ ಹಿಂದೆ ಅಧ್ಯಕ್ಷೆ ಸರಸ್ವತಿಬಾಯಿ. ನಿವೃತ್ತ ಹೆಡ್ ಮಿಸ್ಟ್ರೆಸ್, ಎಪ್ಪತ್ತು ದಾಟಿದವರು, ಇನ್ನೂ ಯಾರನ್ನಾದರೂ ಬೆಂಚಿನ ಮೇಲೆ ನಿಲ್ಲಿಸಬಲ್ಲ ದನಿಯವರು.

"ಇದರಾಗ ಅನ್ಯಾಯ ಏನೂ ಆಗಿಲ್ಲರೀ," ಎಂದರು ರಾಯರು. "ನಾವು ತಜ್ಞರ ಅಭಿಪ್ರಾಯ ತಗೊಂಡೇವಿ. ಲಿಖಿತ ಅದ." ಹಾಳೆ ತೆಗೆದು ಓದಿದರು. "ಗೇರ್ ಇಲ್ಲದ್ದು ಗಾಡಿಯಲ್ಲ, ತೊಟ್ಟಿಲು. ಸಹಿ, ಕಾಶೀಂಸಾಬ, ತಜ್ಞರು. ಎರಡು ಸಲ ಸಹಿ ಮಾಡ್ಯಾರ ನೋಡ್ರಿ."

ಗುಲ್ಷನ ಅಪ್ಪನ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಕಾಶೀಂಸಾಬ ಕಾರಿನ ಬಾಗಿಲು ತೆರೆದು, ಮೊಣಕಾಲು ಹಿಡಿದುಕೊಂಡು ಇಳಿದ. "ಸಹಿ ನಂದ. ಎರಡೂ ನನ್ನವ. ಇನ್ನೊಂದ ಮಾತು ಐತಿ." ಒಳಗೆ ಕೈ ಹಾಕಿ ಟವೆಲ್ ಎಳೆದ. "ಈ ಗಾಡಿಗೂ ಗೇರ್ ಇಲ್ಲ. ಎರಡ ವರ್ಷದಿಂದ ನಾನ ಬಾಯಿಲೆ ಗೇರ್ ಹಾಕೇನಿ."

ಆಫ್ತಾಬನ ಕಪ್ಪಾದ ಅಂಗೈಗಳು ಗಾಳಿಯಲ್ಲೇ ನಿಂತವು. "ಭಾಯಿ... ಥರ್ಡಿಗೆ ಕೆಮ್ಮಿದ್ದು?"

"ನಾನ."

"ಮತ್ತ ನಾವು ಒಂದ ಮೈಲು ದಬ್ಬಿದ್ದು?"

"ಅದು ನಿಮ್ಮ ಪ್ರೀತಿ ಬಿಡಪಾ."

ಮೊದಲು ನಕ್ಕವನು ಹವಾಲ್ದಾರ. ಆಮೇಲೆ ಇಡೀ ಅಂಗಳ. ಕಾಶೀಂಸಾಬ ನಗು ಮುಗಿಯುವವರೆಗೆ ಕಾದ. "ಮೂವತ್ತೊಂದು ವರ್ಷ ಗೇರ್ ಹಾಕಿದ್ದಕ್ಕ ನನಗ ಸಿಕ್ಕಿದ್ದು ಈ ಮೊಣಕಾಲು. ನನ್ನ ಮಗಳಿಗೂ ಇದ ಬೇಕು ಅಂತ ಬರದ ಕೊಟ್ಟೇನಿ, ತಜ್ಞ ಅಂದ್ರಲ್ಲ ಅಂತ. ಆಕಿ ಲೈಸೆನ್ಸ್ ಖರೇ ಐತಿ, ಆಕಿ ಅರ್ಜಿ ಖರೇ ಐತಿ. ಸುಳ್ಳ ಅಂದ್ರ ಆ ಹಾಳೀನ. ಕೊಡ್ರಿ ಇಲ್ಲೆ, ಹರೀತೇನಿ."

"ಹರಿಯೂದು ಬ್ಯಾಡ, ನನಗ ಬೇಕು ಅದು," ಎಂದರು ಸರಸ್ವತಿಬಾಯಿ. "ಶ್ರೀಧರ, ನಮ್ಮ ಹೊಸ ವ್ಯಾನಿಗೆ ಎಷ್ಟು ಗೇರ್ ಅವ?"

"ಐದು ಇರಬೇಕ್ರಿ ಬಾಯಿಯವರ."

"ನೋಡೀಯೇನು?"

ರಾಯರು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ವ್ಯಾನು ಹಿಂದಿನ ದಿನ ಹುಬ್ಬಳ್ಳಿಯಿಂದ ಲಾರಿಯ ಮೇಲೆ ಬಂದು ಸಂಸ್ಥೆಯ ಕಚೇರಿಯ ಅಂಗಳದಲ್ಲಿ ತಾಡಪತ್ರಿಯ ಕೆಳಗೆ ಕೂತಿತ್ತು. ಕೀಲಿ ತಗೊಳ್ಳಲು ಆಗಲೇ ಬಂದು ಕಾದಿದ್ದ ಹೇಮಂತನಿಗೆ ತರಲು ಹೇಳಿದರು. ಅವನು ಹೊಸ ಅಂಗಿ ಹಾಕಿಕೊಂಡು ಹತ್ತಿ ಕೂತು ಕೀಲಿ ತಿರುವಿದ. ಸದ್ದಿಲ್ಲ. ಇನ್ನೊಮ್ಮೆ ತಿರುವಿದ. ಸದ್ದಿಲ್ಲ. "ಇದರದೂ ಬ್ಯಾಟರಿ ಕುಂತದ" ಎಂದ. ಕುಂತಿರಲಿಲ್ಲ; ಅದು ಬ್ಯಾಟರಿಯ ಮೇಲೆಯೇ ಓಡುವ ಕರೆಂಟಿನ ವ್ಯಾನು. ಏನೋ ಒತ್ತಿದ, ಹಾರಿತು. ಹೆದರಿ ಎಡಗಾಲನ್ನು ಹಳೆಯ ರೂಢಿಯಂತೆ ಝಾಡಿಸಿ ತುಳಿದ. ತುಳಿದದ್ದು ಬ್ರೇಕು. ಹೇಮಂತನ ಹಣೆ ಗಾಜಿಗೆ ಮುತ್ತು ಕೊಟ್ಟಿತು. ಹಾಗೆ ಹಾರುತ್ತ, ಮುತ್ತು ಕೊಡುತ್ತ ರಸ್ತೆ ದಾಟಿ, ಕಚೇರಿಯ ಎರಡು ಹೂವಿನ ಕುಂಡಗಳನ್ನು ನೆಲಸಮ ಮಾಡಿ ನಿಂತ.

ಕೆಳಗೆ ಬಾಗಿ ಕಾಲ ಹತ್ತಿರದ ಚಾಪೆ ಎತ್ತಿ ನೋಡಿದ. "ಮಾಮಾ, ಇವರು ಕ್ಲಚ್ ಹಾಕೂದ ಮರತಾರ!"

ಸರಸ್ವತಿಬಾಯಿ ಕನ್ನಡಕದ ಮೇಲಿಂದ ರಾಯರನ್ನು ನೋಡಿದರು. "ಗೇರ್ ಇಲ್ಲದ ಗಾಡಿಗೆ, ಗೇರ್ ಹಾಕ್ಲಿಕ್ಕೆ ಬರತದ ಅಂತ ಇವನ್ನ ಹಾಕಿದಿ. ಗೇರ್ ಇಲ್ಲದ ಗಾಡಿ ಹೊಡೀಲಿಕ್ಕೆ ಬರತದ ಅಂತ ಆಕೀನ್ನ ತಗದಿ. ಶಾಬಾಸ್." ಆಮೇಲೆ ಗುಲ್ಷನಳಿಗೆ, "ಹತ್ತವಾ" ಎಂದರು.

ಗುಲ್ಷನ ಹತ್ತಿದಳು. ಗಾಳೆವ್ವ ಯಾರೂ ಹೇಳದೆ ಹಿಂದೆ ಹತ್ತಿದಳು. ಗುಲ್ಷನ ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು, ಎಡಗಾಲನ್ನು ಹಿಂದಕ್ಕೆ ಸರಿಸಿ ಅದಕ್ಕೆ ಸೂಟಿ ಕೊಟ್ಟಳು. ಕಾರಿನ ಜೊತೆ ಬಂದ ಪುಸ್ತಕ ಓದಿ, ಮೊದಲ ವಾರ ಅಪ್ಪನಿಗೆ ಎಡಗಾಲು ಬಿಟ್ಟು ಹೊಡೆಯಲು ಕಲಿಸಿದವಳು ಅವಳೇ. ವ್ಯಾನು ಸದ್ದಿಲ್ಲದೆ ಹೊರಟಿತು. ಧ್ವಜದ ಕಟ್ಟೆಯನ್ನು ಸುತ್ತಿ, ಸತ್ತು ಬಿದ್ದಿದ್ದ ಕಾಶೀಂಸಾಬನ ಕಾರಿಗೂ ಎರಡು ನೂರು ಜನರಿಗೂ ತಾಗದಂತೆ ನುಸುಳಿ, ಹಿಂದಕ್ಕೆ ಬಂದು ಮೆಟ್ಟಿಲ ಮುಂದೆ ನಿಂತಿತು.

"ನಿಂತೇತೇನ?" ಎಂದಳು ಗಾಳೆವ್ವ ಒಳಗಿನಿಂದ. "ಗೊತ್ತಽ ಆಗಲಿಲ್ಲ."

ಕಾಶೀಂಸಾಬ ರೂಢಿಯಂತೆ "ಖಟಕ್" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ. ಆ ಗಾಡಿಗೆ ಅವನ ಗಂಟಲು ಬೇಕಾಗಿರಲಿಲ್ಲ. ಕಾರಿನ ಮುಂಭಾಗಕ್ಕೆ ಒರಗಿ, ಎಲ್ಲರ ಎದುರೇ, ಎಡ ಮೊಣಕಾಲನ್ನು ತಿಕ್ಕಿಕೊಂಡ. ಎರಡು ವರ್ಷದಲ್ಲಿ ಮೊದಲ ಸಲ.

ಸರಸ್ವತಿಬಾಯಿ ಸೀರೆಯ ನೆರಿಗೆ ಎತ್ತಿ ವ್ಯಾನಿನ ಮುಂದಿನ ಸೀಟಿಗೆ ಹತ್ತಿ ಕೂತರು. ಮಧುರಾ ಕಚೇರಿಯ ಗೇಟು ಪೂರ್ತಿ ತೆಗೆಸಿದರು.

ಶ್ರೀಧರರಾಯರಿಗೆ ಮಾತ್ರ ಕ್ರಮ ತಪ್ಪಬಾರದು. ಫೈಲನ್ನು ಎದೆಗೆ ಅವಚಿಕೊಂಡು ಡ್ರೈವರ್ ಬಾಗಿಲಿಗೆ ಬಂದರು. "ಆತಲ್ಲ, ಎಲ್ಲಾರೂ ನೋಡಿದಂಗಾತು. ಈಗ ಇಳಿಯವಾ ತಂಗಿ. ಹೊಸಾ ಅರ್ಜಿ ಹಾಕು, ಮುಂದಿನ ಮೀಟಿಂಗಿನ್ಯಾಗ ವಿಚಾರ ಮಾಡೋಣ. ಕೀಲಿ ಕೊಡು."

ಗುಲ್ಷನ ಚಾಚಿದ ಆ ಅಂಗೈಯನ್ನು ನೋಡಿದಳು. ಬೆಲ್ಟ್ ಎಳೆದು ಹಾಕಿಕೊಂಡಳು.

"ಸೋಮವಾರ ಎಂಟಕ್ಕ ಮುಶಿಗೇರಿಯೊಳಗ ಹುಡುಗ್ಯಾರು ಬಂದ ನಿಂತಿರ್ತಾರ್ರಿ," ಎಂದಳು. "ಕೀಲಿ ಕೊಡಂಗಿಲ್ಲ."